ಬಿಸಿಲಿಗೆ ಹಾಕಿದ ಅರಿವೆ

ಶಾಲೆಯಲ್ಲಿ ನಾನು ಕಲಿಸಿದ್ದು ಒಂದೇ ಪಾಠ. ಆ ಪಾಠದಿಂದ ಒಬ್ಬ ಹುಡುಗಿಯ ಶಾಲೆ ಬಿಡಿಸಿದೆ. ಅದನ್ನೇ ಬರೆಯುತ್ತೇನೆ. ಬರೆಯುವುದು ನನಗೆ ಬಹಳ ಬರುವುದಿಲ್ಲ. ನಾನು ಒಂದು ಸಾಲು ಬರೆದು ಮುಗಿಸುವುದರೊಳಗೆ ಬೇರೆಯವರು ಎರಡು ರೊಟ್ಟಿ ಬಡಿದು ಬೇಯಿಸಿಯಾರು. ಬಂದಷ್ಟು ಅಕ್ಷರವನ್ನೂ ಆ ಹುಡುಗಿಯೇ ಕಲಿಸಿದಳು.

ಪ್ಲೇಗಿನಲ್ಲಿ ನನ್ನ ಗಂಡ ಸತ್ತ. ಬೈಲಹೊಂಗಲದ ಜನರೆಲ್ಲ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು, ಅಲ್ಲಿಯೇ ಸತ್ತ. ನನಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಸಂಪಗಾಂವದಿಂದ ಅಣ್ಣ ಬಂದು, ಉಡಿಕಿ ಮಾಡಿಕೊಂಡು ಇನ್ನೊಬ್ಬನ ಮನೆ ಸೇರು ಎಂದ. ಒಬ್ಬ ಗಂಡನ ಧೋತರ ಒಗೆದದ್ದು ಸಾಕು ಎಂದೆ. ಅವನು ಸಿಟ್ಟಾಗಿ ಉಂಡು ಹೋದ. ಆ ಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕರೆಯುವ ಕೆಲಸ ಸಿಕ್ಕಿತು. ಆಗ ಯಾರೂ ಹೆಣ್ಣುಮಗಳನ್ನು ಒಂಟಿಯಾಗಿ ಶಾಲೆಗೆ ಕಳಿಸುತ್ತಿರಲಿಲ್ಲ. ಬೆಳಿಗ್ಗೆ ನಾನು ಮನೆ ಮನೆಗೆ ಹೋಗಿ ಕೂಗಿ ಕರೆದುಕೊಂಡು ಬರಬೇಕು, ಸಂಜೆ ಒಂದೊಂದನ್ನೇ ಮನೆ ಮುಟ್ಟಿಸಬೇಕು. ನಡುವೆ ಕಸ ಹೊಡೆಯುವುದು, ನೀರು ತುಂಬುವುದು. ಹದಿನೆಂಟು ಹುಡುಗಿಯರು. ಕಲಿಸುವವರು ಒಬ್ಬರೇ ಮಾಸ್ತರರು, ಕಿತ್ತೂರಿನ ಗಂಡುಮಕ್ಕಳ ಶಾಲೆಯಿಂದ ಬದಲಿಯಾಗಿ ಬಂದ ಮುದುಕರು. ತಲೆಯ ಮೇಲೆ ರುಮಾಲು, ಎಂಥ ಬಿಸಿಲಿದ್ದರೂ ಮೈಮೇಲೆ ಕೋಟು.

ಹದಿನೆಂಟರಲ್ಲಿ ಹೆಚ್ಚಿನವು ಎರಡನೆಯ ಪುಸ್ತಕಕ್ಕೇ ಬಿಟ್ಟು ಹೋಗುವವು. ನಾಲ್ಕನೆಯ ಇಯತ್ತೆಯಲ್ಲಿ ಒಬ್ಬಳೇ ಇದ್ದಳು. ಹತ್ತಿ ಬೆಳೆಯುವ ರೈತನ ಮಗಳು, ಹನ್ನೆರಡು ವರ್ಷದವಳು, ತೆಳ್ಳಗೆ, ಕಿವಿ ಮಾತ್ರ ದೊಡ್ಡವು. ಅವಳ ಮನೆ ಎಲ್ಲಕ್ಕಿಂತ ದೂರ. ಅದಕ್ಕೆ ಬೆಳಿಗ್ಗೆ ಮೊದಲು ಅವಳನ್ನೇ ಕರೆಯುವುದು, ಸಂಜೆ ಕಡೆಗೆ ಅವಳನ್ನೇ ಬಿಡುವುದು. ಆ ಹಾದಿಯಲ್ಲಿ ಅವಳು ತನ್ನ ಪಾಟಿಯ ಮೇಲೆ ಬರೆದು ನನಗೆ ಅಕ್ಷರ ತೋರಿಸುತ್ತಿದ್ದಳು. ತಪ್ಪಿದರೆ ಮಾಸ್ತರರ ಹಾಗೆಯೇ ನಾಲಗೆ ಲೊಚಗುಟ್ಟುವಳು.

ಅವಳಿಗೆ ಎಂಟನೆಯ ವರ್ಷಕ್ಕೇ ಮದುವೆಯಾಗಿತ್ತು. ಕೊಟ್ಟದ್ದು ಸ್ವಂತ ಸೋದರತ್ತೆಯ ಮಗನಿಗೆ, ರಾಮದುರ್ಗ ಸಂಸ್ಥಾನದ ಸಾಲಹಳ್ಳಿಗೆ. ದೊಡ್ಡವಳಾಗುವವರೆಗೆ ತವರಿನಲ್ಲಿ ಇರಲಿ, ಬೇಕಾದರೆ ಶಾಲೆ ಕಲಿಯಲಿ. ದೊಡ್ಡವಳಾದ ಕೂಡಲೇ ಗಾಡಿ ಹೂಡಿಕೊಂಡು ಬರುತ್ತೇನೆ ಎಂದು ಅತ್ತೆ ಮದುವೆಯ ಹಂದರದಲ್ಲೇ ಮಾತು ತೆಗೆದುಕೊಂಡಿದ್ದಳು. ನಾಲ್ಕನೆಯ ಇಯತ್ತೆಯ ಪರೀಕ್ಷೆಗೆ ಒಂದೂವರೆ ತಿಂಗಳು ಉಳಿದಿತ್ತು. ನಮ್ಮ ಶಾಲೆಯಿಂದ ಒಬ್ಬಳೂ ಆ ಪರೀಕ್ಷೆಗೆ ಕುಳಿತಿರಲಿಲ್ಲ. ಪಾಸಾದರೆ ಏನು ಸಿಗುತ್ತದೆ ಎಂದು ನಾನು ಕೇಳಿದ್ದೆ.

“ಪಾಸ ಸಿಗತೈತ್ರಿ, ಅಕ್ಕಾರ” ಎಂದಿದ್ದಳು. ಅಷ್ಟೇ. ಅದು ಬೇಕಾಗಿತ್ತು ಅವಳಿಗೆ.

ಆ ದಿನಗಳಲ್ಲಿ ತಪಾಸಣೆಗೆ ಒಬ್ಬ ಬಿಳಿಯ ಮಡ್ಡಮ್ಮ ಬಂದಳು. ಪ್ಲೇಗು ಬಂದು ಹೋದ ಮೇಲೆ ಸರಕಾರಕ್ಕೆ ಶುಚಿಯ ಹುಚ್ಚು ಹತ್ತಿತ್ತು. ಉಗುರು, ಕಿವಿ, ಇಲಿಯ ಬಿಲ, ಎಲ್ಲದಕ್ಕೂ ಪಾಠವಿತ್ತು. ಮಡ್ಡಮ್ಮ ಹುಡುಗಿಯರ ಉಗುರು ನೋಡಿದಳು, ತಲೆಯಲ್ಲಿ ಹೇನು ನೋಡಿದಳು. ಆ ಮೇಲೆ ಮಾಸ್ತರರ ಕಡೆಗೆ ತಿರುಗಿ, ದೊಡ್ಡ ಹುಡುಗಿಯರಿಗೆ ತಿಂಗಳ ಶುಚಿಯ ವಿಷಯ ಹೇಳಿದ್ದೀರೋ ಇಲ್ಲವೋ ಎಂದು ತನ್ನ ಮುರುಕು ಕನ್ನಡದಲ್ಲಿ ದೊಡ್ಡ ದನಿಯಿಂದ ಕೇಳಿದಳು. ನನ್ನ ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಬಿತ್ತು. ಗಂಡಸಿನ ಎದುರಿಗೆ, ಒಬ್ಬ ಹೆಂಗಸು, ಹಾಡುಹಗಲು! ಮಾಸ್ತರರು ಹೇಳಿದ್ದೇನೆ ಎಂದು ಸುಳ್ಳು ಹೇಳಿದರು. ಅವಳು ಹೋದ ಮೇಲೆ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರ ಬರಿದಲೆಯನ್ನು ನಾನು ನೋಡಿದ್ದು ಅದೇ ಮೊದಲು.

“ಬಾಯೀ, ಒಂದ ಪಾಠ ಅದ. ಅದನ್ನ ನೀವ ಹೇಳಬೇಕು” ಎಂದರು.

“ನಾನ? ನನಗ ಕಾಗುಣಿತದ ಬಳ್ಳೀನ ಪೂರಾ ಬರೂದಿಲ್ರೀ.”

“ಅದಕ್ಕ ಅಕ್ಷರ ಬೇಕಾಗಿಲ್ಲ.”

“ಎಂಥಾ ಪಾಠರೀ ಅದು, ಅಕ್ಷರ ಬ್ಯಾಡಾದದ್ದು?”

ಮಾಸ್ತರರು ಹೊರಗಿನ ಹುಣಸೆಮರ ನೋಡಿದರು. “ನಿಮ್ಮ ಹೆಣ್ಮಕ್ಕಳದು” ಎಂದರು. “ನಾ ಆ ಗಿಡದ ಕೆಳಗ ಕೂಡತೀನಿ. ಮುಗಿದ ಮ್ಯಾಲೆ ಕೂಗ್ರಿ.”

ಹೋಗಿ ಶಾಲೆಗೆ ಬೆನ್ನು ಮಾಡಿ ಕುಳಿತರು. ನಾನು ಬಾಗಿಲು ಮುಂದಕ್ಕೆ ಎಳೆದು, ದೊಡ್ಡ ಹುಡುಗಿಯರು ಏಳು ಜನರನ್ನು ಕೂರಿಸಿಕೊಂಡೆ. ನಿಮಗೆ ಇದರ ಬಗ್ಗೆ ಏನು ಗೊತ್ತಿದೆ ಹೇಳಿರಿ ಎಂದೆ. ಗೊತ್ತಿದ್ದದ್ದು ಕೇಳಿ ನಾನು ಬಾಯಿ ತೆರೆದವಳು ಮುಚ್ಚಲಿಲ್ಲ.

“ನಮ್ಮವ್ವಗ ತಿಂಗಳಾ ಕಾಗಿ ಮುಟ್ಟತೈತ್ರಿ” ಎಂದಳು ಒಬ್ಬಳು. “ಹ್ವಾದ ತಿಂಗಳ ನಾ ಕಲ್ಲ ಆರಿಸಿಕೊಂಡ ಅಂಗಳದಾಗ ಕುಂತಿದ್ದೆ, ಬಂದ್ರ ಒಗೀಬೇಕಂತ. ಕಾಗಿ ಬರಲೇ ಇಲ್ಲ. ಆದರೂ ಅವ್ವ ಹೊರಗ ಕುಂತ್ಲು.”

“ರಾತ್ರಿ ಬರತೈತಲೇ ಅದು” ಎಂದಳು ಪಕ್ಕದವಳು.

“ಮಾಸ್ತರ್ರಿಗೂ ಮುಟ್ಟತೈತೇನ್ರಿ?”

ಮುಂದೆ ಕುಳಿತವಳಿಗೆ ಹತ್ತು ವರ್ಷ, ಮದುವೆಯಾಗಿ ಎರಡು ವರ್ಷವಾಗಿತ್ತು. ಅವಳಿಗೆ ಕಾಗೆಯ ಕಥೆಯೂ ಗೊತ್ತಿರಲಿಲ್ಲ. ರಕ್ತ ಎಂಬ ಮಾತು ಕೇಳಿ, “ಯಾರ ಬಡೀತಾರ್ರಿ?” ಎಂದು ಕೇಳಿದಳು. ಮದುವೆ ಮಾಡಿದ ಜನ ಇಷ್ಟನ್ನೂ ಹೇಳಿರಲಿಲ್ಲ. ಆದರೆ ನನಗಾದರೂ ಯಾರು ಹೇಳಿದ್ದರು? ಜೋಳದ ಹೊಲದಲ್ಲಿದ್ದಾಗ ಆಯಿತು; ಕುಡುಗೋಲು ತಾಗಿದೆ ಎಂದು ತಿಳಿದು ಗಾಯ ಹುಡುಕುತ್ತಾ ನಿಂತಿದ್ದೆ. ಅವ್ವ ಬಂದು ಮೊದಲು ಕಪಾಳಕ್ಕೆ ಹೊಡೆದಳು, ಆ ಮೇಲೆ ಕೊಬ್ಬರಿ ಬೆಲ್ಲ ತಿನ್ನಿಸಿದಳು. ಎರಡೂ ಯಾಕೆಂದು ಹೇಳಲಿಲ್ಲ.

ಹೇಳಿದೆ. ಕಾಗೆ ಇಲ್ಲ, ಗಾಯ ಇಲ್ಲ, ಯಾರೂ ಬಡಿಯುವುದಿಲ್ಲ, ರೋಗವಲ್ಲ. ಎಲ್ಲ ಹೆಣ್ಣಿಗೂ ಬರುತ್ತದೆ. ನಿಮ್ಮ ಅವ್ವಂದಿರಿಗೆ ಬಂದಿದೆ, ನನಗೆ ಬಂದಿದೆ, ಮಡ್ಡಮ್ಮನಿಗೂ ಬರುತ್ತದೆ. “ಮಡ್ಡಮ್ಮಗೂ?” ಎಂದು ಏಳು ಜನರೂ ಒಮ್ಮೆಲೇ ಕೂಗಿದರು. ಅದನ್ನು ಕೇಳಿ ಹುಣಸೆಮರದ ಕೆಳಗಿನಿಂದ “ಮುಗೀತೇನ್ರಿ?” ಎಂಬ ದನಿ ಬಂತು. ಇಲ್ಲ ಎಂದೆ.

ಹಳೆಯ ಸೀರೆಯ ಮೆತ್ತನೆಯ ಅರಿವೆ ತೆಗೆದುಕೊಳ್ಳಬೇಕು, ಅಂಟವಾಳಕಾಯಿ ಹಾಕಿ ಬಿಸಿ ನೀರಿನಲ್ಲಿ ಒಗೆಯಬೇಕು, ದಿನವೂ ಮೈ ತೊಳೆಯಬೇಕು ಎಂದು ಹೇಳಿದೆ. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಆದರೆ ಮಕ್ಕಳಿಗೆ ಹೆದರಿಕೆ ಹಾಕದಿದ್ದರೆ ಮಾತು ಹತ್ತುವುದಿಲ್ಲ ಎಂದು ನಾನು ಆಗ ತಿಳಿದಿದ್ದೆ. ಮಾಸ್ತರರು ಇಲಿಯ ಪಾಠವನ್ನೂ ಹಾಗೆಯೇ ಹೇಳುತ್ತಿದ್ದರು. ಹೀಗಾಗಿ ಮುಂದುವರಿಸಿದೆ.

“ಅರಿವಿ ಬಿಸಲಿಗೆ ಹಾಕಬೇಕು. ಮೂಲ್ಯಾಗ ಮುಚ್ಚಿಟ್ಟ ಒಣಗಿಸಿದ್ರ ಹುಳ ಹತ್ತತೈತಿ. ಹುಳ ಹೊಟ್ಟಿಗೆ ಹೋದ್ರ ಮುಗೀತು. ಪ್ಲೇಗಿನ್ಯಾಗ ಹ್ವಾದವರ ನೋಡೀರಿಲ್ಲ, ಹಂಗ ಹೋಗತೀರಿ.”

ದೊಡ್ಡ ಕಿವಿಯ ಹುಡುಗಿ ಕೈ ಎತ್ತಿದಳು. ಅವಳ ಅಕ್ಕ ಪ್ಲೇಗಿನಲ್ಲಿ ಸತ್ತದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದೇ ಮಾತು ಆಡಿದ್ದೆ.

“ನೀರೊಲಿ ಮ್ಯಾಲೆ ಹಗ್ಗಾ ಕಟ್ಟಿ ಒಣಗಿಸಿದ್ರ ನಡೀತೈತೇನ್ರಿ, ಅಕ್ಕಾರ?”

“ನಡ್ಯಾಂಗಿಲ್ಲ. ಬಿಸಲ ಅಂದ್ರ ಬಿಸಲ” ಎಂದೆ.

ಅಷ್ಟು ಸಣ್ಣ ಹುಡುಗಿಗೆ ಬಚ್ಚಲಿನ ನೀರೊಲೆಯ ಮೇಲಿನ ಹಗ್ಗದ ಸಂಗತಿ ಎಲ್ಲಿಂದ ಬಂತು ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಪಾಠ ಹೇಳುವ ಸೊಕ್ಕು ಏರಿತ್ತು.

ಅದಾಗಿ ಹದಿನೈದು ದಿನವಾಗಿರಬೇಕು. ಬೆಳಿಗ್ಗೆ ಅವಳನ್ನು ಕರೆಯಲು ಹೋದೆ. ಅಂಗಳದಲ್ಲಿ ಹತ್ತಿ ಹೇರಿದ ಎರಡು ಗಾಡಿ ನಿಂತಿದ್ದವು, ಒಂದು ಅವರದು, ಒಂದು ಸಾಲಹಳ್ಳಿಯದು. ಹತ್ತಿ ಮಾರಲು ಬಂದ ತನ್ನ ಗಂಡನ ಜೊತೆಗೆ ಅತ್ತೆಯೂ ಹಿಂದಿನ ಸಂಜೆ ಬಂದು ಇಳಿದಿದ್ದಳು. ಗಟ್ಟಿ ಹೆಂಗಸು, ಸೊಂಟಕ್ಕೆ ಕೈ ಕೊಟ್ಟುಕೊಂಡು ಹಿತ್ತಲಿನ ಮುಳ್ಳುಬೇಲಿಯ ಹತ್ತಿರ ನಿಂತಿದ್ದಳು. ಬೇಲಿಯ ಮೇಲೆ ನಾಲ್ಕು ಅರಿವೆ ಒಣಗುತ್ತಿದ್ದವು. ಬಿಸಿಲು ಸರಿಯಾಗಿ ಬೀಳುವ ಜಾಗ ನೋಡಿ, ಒಂದರ ಮೇಲೊಂದು ಬರದಂತೆ, ಅಂದವಾಗಿ ಹರವಿ ಹಾಕಿದ್ದರು. ನೋಡಿದ ಕೂಡಲೇ ನನಗೆ ಅದು ಯಾರ ಕೆಲಸ ಎಂದು ತಿಳಿಯಿತು.

ಹುಡುಗಿಯ ತಾಯಿ ದನದ ಕೊಟ್ಟಿಗೆಯ ಬಾಗಿಲಲ್ಲಿ ಸೆಗಣಿ ಕೈಯಲ್ಲೇ ನಿಂತಿದ್ದಳು.

“ವೈನೀ, ಇವ ಯಾರವು?” ಎಂದಳು ಅತ್ತೆ. ಕೋಲಿನಿಂದ ಒಂದು ಅರಿವೆ ಎತ್ತಿ ಹಿಡಿದಿದ್ದಳು.

“ಹರಕ ಅರಿವಿ, ಯಕ್ಕಾ. ಒರಸಾಕ ಇಟ್ಟದ್ದು.”

“ಒರಸೂ ಅರಿವಿ ಯಾವುದು, ಇವ ಯಾವು, ನನಗ ತಿಳ್ಯಾಂಗಿಲ್ಲೇನು? ಮೂರ ಹಡದಾಕಿ ಅದೇನಿ.”

“ನನ್ನೂವು” ಎಂದಳು ತಾಯಿ.

“ನಿನ್ನೂವು? ಐದ ತಿಂಗಳ ಹೊಟ್ಟಿ ಮುಂದ ಇಟಗೊಂಡ ನಿನ್ನೂವು ಅಂತೀಯಲ್ಲ, ವೈನಿ, ನಾಲಿಗಿ ಹೆಂಗ ಹೊಳ್ಳತೈತಿ ನಿನಗ?”

ತಾಯಿ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡಳು. ಮುಚ್ಚಿದರೆ ಏನಾಯಿತು? ಆ ಮನೆಯಲ್ಲಿ ಇನ್ನು ಹೆಂಗಸರೆಂದರೆ ಹುಡುಗಿ ಒಬ್ಬಳೇ. ನಾನು ಮುಂದೆ ಹೋದೆ.

“ಅವು ನನ್ನೂವ್ರಿ” ಎಂದೆ.

ಗಾಡಿಯ ಹತ್ತಿರ ನಿಂತಿದ್ದ ಗಂಡಸರಿಬ್ಬರೂ ಅತ್ತ ಮುಖ ತಿರುಗಿಸಿದರು. ಎತ್ತಿನ ಕೊರಳ ಹಗ್ಗ ಬಿಗಿಯಾಗಿಯೇ ಇತ್ತು, ಆದರೂ ಮತ್ತೆ ಬಿಗಿಯತೊಡಗಿದರು.

“ನೀ ಯಾರಬೇ?”

“ಸಾಲಿಗೆ ಕರಿಯಾಕಿ. ನಮ್ಮ ಓಣ್ಯಾಗ ನೀರಿಲ್ಲ. ಇವರ ಬಾವಿಗೆ ಬಂದ ಒಕ್ಕೊಂಡ ಹೋಗತೇನಿ.”

“ಈ ದಡಿ ಸೀರಿ ವೈನಿಗೆ ಮದಿವ್ಯಾಗ ನಾ ಕೊಟ್ಟದ್ದು.”

“ಹರದ ಮ್ಯಾಲೆ ನನಗ ಕೊಟ್ಟಾರ.”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನಂಬುವುದರಲ್ಲಿದ್ದಳು. ನಾನು ಕಂಡಿದ್ದೇನೆ ಆ ಮುಖ, ಕೋಲು ಕೆಳಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಹುಡುಗಿ ಪಾಟಿಯ ಚೀಲ ಹಿಡಿದು ಮನೆಯೊಳಗಿಂದ ಬಂದಳು. ಕೋಲಿನ ತುದಿಯಲ್ಲಿ ತನ್ನ ಅರಿವೆ ನೇತಾಡುವುದನ್ನು ನೋಡಿದವಳೇ ಚೀಲ ಬಿಸಾಡಿ ಓಡಿಬಂದು ಅದನ್ನು ಕಿತ್ತುಕೊಂಡು ಎದೆಗೆ ಒತ್ತಿ ಹಿಡಿದಳು. ಇನ್ನು ಯಾರೂ ಏನೂ ಕೇಳಬೇಕಾಗಿರಲಿಲ್ಲ.

“ಬಿಸಲಿಗೆ ಹಾಕಲಿಲ್ಲಂದ್ರ ಸಾಯತಾರಂತ, ಯವ್ವಾ” ಎಂದಳು ತಾಯಿಗೆ. “ಅಕ್ಕಾರ ಹೇಳ್ಯಾರ. ಅಕ್ಕನಂಗ ಸಾಯತಾರಂತ.”

ಎಲ್ಲರೂ ನನ್ನ ಕಡೆ ನೋಡಿದರು. ಹುಡುಗಿಯ ಅಪ್ಪನ ಬಾಯಿ ತೆರೆದೇ ಇತ್ತು. ಅವನಿಗೆ ಏನೂ ಗೊತ್ತಿರಲಿಲ್ಲ. ಅತ್ತೆ ಕೋಲು ಬಿಸಾಡಿ, “ಮಾತಂದ್ರ ಮಾತು, ಅಣ್ಣಾ” ಎಂದಳು.

ತಾಯಿ ಬಂದು ನನ್ನ ಮುಂಗೈ ಹಿಡಿದಳು. ಸೆಗಣಿಯ ಕೈ. ಎಳೆದುಕೊಂಡು ಬಚ್ಚಲಿಗೆ ಹೋದಳು. ನೀರೊಲೆಯ ಮೇಲೆ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿತ್ತು. ಹಗ್ಗವನ್ನು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಒಲೆಯ ಮೇಲೆ ಹಿತ್ತಾಳೆಯದಲ್ಲ, ಬೇರೆಯೇ ಒಂದು ಮಣ್ಣಿನ ಗಡಿಗೆ. ಒಳಗೆ ಅಂಟವಾಳಕಾಯಿಯ ನೊರೆ.

“ಮೂರ ತಿಂಗಳಾತು ಆಕಿ ದೊಡ್ಡಾಕಿ ಆಗಿ” ಎಂದಳು. ದನಿ ಏರಿಸಲಿಲ್ಲ. “ಗಂಡಗ ಹೇಳಿಲ್ಲ. ದೇವರಿಗೂ ಹೇಳಿಲ್ಲ. ಪರೀಕ್ಷಾ ಮುಗೀಲಿ ಅಂತ ತಿಂಗಳಾ ಆ ದಿನದಾಗ ನಸುಕಿನ್ಯಾಗೆದ್ದ ನಾನ ಕುದಿಸಿ ಒಗದ ಇಲ್ಲಿ ಹಾಕತಿದ್ದೆ. ಮೂರ ತಿಂಗಳ ನಾ ಮುಚ್ಚಿಟ್ಟದ್ದ ನೀ ಒಂದ ಪಾಠದಾಗ ಬೇಲಿಗೆ ಹಾಕಿದೆಲ್ಲಬೇ, ಶಾಣ್ಯಾಕಿ.”

ಈ ಹೆಂಗಸಿಗೆ ಒಂದು ಅಕ್ಷರ ಬರುತ್ತಿರಲಿಲ್ಲ. ದಿನವೂ ಬೆಳಿಗ್ಗೆ ನಾನು ಕರೆಯಲು ಬಂದಾಗ ಬಾಗಿಲಿಗೆ ಬಂದು ಮಗಳನ್ನು ದಬ್ಬಿ ಕಳಿಸಿ ಒಳಗೆ ಹೋಗುತ್ತಿದ್ದಳು. ಮಗಳು ಕಲಿತರೂ ಸರಿ, ಬಿಟ್ಟರೂ ಸರಿ ಎನ್ನುವ ಜಾತಿಯವಳು ಎಂದು ನಾನು ತಿಳಿದಿದ್ದೆ. ಎಮ್ಮೆ ಎಂದೂ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ನಾನು ಹೇಳಿದ ಪಾಠವೆಲ್ಲ ಆ ಬಚ್ಚಲಿನಲ್ಲಿ ಮೂರು ತಿಂಗಳಿನಿಂದ ನಡೆದಿತ್ತು. ಬಿಸಿಲು ಒಂದೇ ಇರಲಿಲ್ಲ, ಆ ಬಿಸಿಲಿನ ಕೆಲಸವನ್ನು ಒಲೆಯ ಬಿಸಿ ಮಾಡುತ್ತಿತ್ತು. ಮರುವರ್ಷ ಪಾಠ ಹೇಳುವುದಕ್ಕೆ ಮೊದಲು ನಾನು ಎಲ್ಲ ಹುಡುಗಿಯರ ಮನೆಯ ಬಚ್ಚಲು ನೋಡಿ ಬಂದೆ. ಹುಳದ ಮಾತು, ಪ್ಲೇಗಿನ ಮಾತು ತೆಗೆದು ಹಾಕಿದೆ. ಆದರೆ ಅದು ಮರುವರ್ಷದ ಮಾತು.

ಅಂಗಳಕ್ಕೆ ಬಂದು ಅತ್ತೆಯ ಕಾಲು ಹಿಡಿಯಲು ಹೋದೆ. ಅವಳು ಹಿಂದಕ್ಕೆ ಸರಿದಳು.

“ಒಂದ ತಿಂಗಳ ಬಿಡ್ರಿ. ಪರೀಕ್ಷಾ ಕೊಟ್ಟ ಬರತಾಳ.”

“ಎಂಟ ಮಂದಿಗೆ ರೊಟ್ಟಿ ಬಡಿಯಾಕಿ ನಾ ಒಬ್ಬಾಕಿ ಅದೇನಿ. ಸೊಂಟ ಬಿದ್ದ ಹೋಗೈತಿ. ನಾಕನೇ ಪುಸ್ತಕ ರೊಟ್ಟಿ ಬಡೀತೈತೇನು?”

“ಸಣ್ಣಾಕಿ ಅದಾಳ್ರೀ.”

“ನಾ ಬಂದಾಗ ಇದಕ್ಕಿಂತ ಸಣ್ಣಾಕಿ ಇದ್ದೆ” ಎಂದಳು. “ನನ್ನ ಸಲುವಾಗಿ ಯಾರ ಬಂದ ಕಾಲ ಹಿಡದಿದ್ರು?”

ಹುಡುಗಿ ಬಿಸಾಡಿದ ಪಾಟಿಯ ಚೀಲ ಎತ್ತಿ ಕಟ್ಟೆಯ ಮೇಲೆ ಇಟ್ಟೆ.

ಐದು ದಿನ ಹುಡುಗಿಯನ್ನು ಕೂರಿಸಿದರು. ಹಸಿರು ಬಳೆ ಇಟ್ಟರು, ಹೊಸ ಸೀರೆ ಉಡಿಸಿದರು, ಓಣಿಯ ಹೆಂಗಸರು ಬಂದು ಉಡಿ ತುಂಬಿ ಆರತಿ ಮಾಡಿ ಹಾಡಿದರು. ನಾನೂ ಹೋದೆ, ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹುಡುಗಿ ಮಣೆಯ ಮೇಲೆ ಕುಳಿತು ಬಾಗಿಲಿನ ಕಡೆ ನೋಡುತ್ತಿದ್ದಳು. ಹಾಡಿನ ನಡುವೆ ನನಗೆ ಕೇಳಿಸುವಷ್ಟೇ ದನಿಯಲ್ಲಿ ಹೇಳಿದಳು:

“ಅಕ್ಕಾರ, ಪುಸ್ತಕದಾಗ ಇನ್ನ ಹನ್ನೊಂದ ಪಾಠ ಉಳದಾವ್ರಿ.”

ಅಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಾಲ್ಕನೆಯ ಪುಸ್ತಕ ಶಾಲೆಯದು, ಮಾಸ್ತರರ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಮರುದಿನ ಕಸ ಹೊಡೆಯುವಾಗ ಅದನ್ನು ಕದ್ದೆ. ಕದ್ದದ್ದಕ್ಕೆ ಬೇರೆ ಹೆಸರು ಇಡುವುದಿಲ್ಲ. ಆ ಮೇಲೆ ಮಾಸ್ತರರು ಪುಸ್ತಕ ಎಲ್ಲಿ ಎಂದು ಕೇಳಿದಾಗ ಇಲಿ ತಿಂದು ಹಾಳಾಗಿತ್ತು, ಸುಟ್ಟೆ ಎಂದೆ. ಅವರು ಪುಸ್ತಕದ ಮಾತು ಬಿಟ್ಟು ರುಮಾಲು ಹಿಡಿದುಕೊಂಡು ಎದ್ದು ನಿಂತು, “ಇಲಿ ಎಲ್ಲಿ ಅದ?” ಎಂದರು. ಪೆಟ್ಟಿಗೆಗೆ ಎಂಟು ದಿನ ಕೈ ಹಾಕಲಿಲ್ಲ.

ಆರನೆಯ ದಿನ ಬೆಳಿಗ್ಗೆ ಸಾಲಹಳ್ಳಿಯ ಗಾಡಿ ಹೂಡಿದರು. ಎರಡು ದಿನದ ಹಾದಿ. ಸಾಮಾನು ಹೇರುತ್ತಿದ್ದರು: ಉಡಿ ತುಂಬಿದ ಗಂಟು, ರೊಟ್ಟಿಯ ಬುತ್ತಿ, ಒಂದು ಕೊಡ. ಪ್ರತಿಯೊಂದು ಗಂಟನ್ನೂ ಅತ್ತೆ ಬಿಚ್ಚಿ ನೋಡಿ ಕಟ್ಟುತ್ತಿದ್ದಳು. ಪುಸ್ತಕ ನನ್ನ ಸೆರಗಿನಲ್ಲಿತ್ತು. ಕೊಟ್ಟರೆ ಅತ್ತೆಯ ಕೈಗೆ ಸಿಗುತ್ತದೆ, ತೆಗೆದು ಬಿಸಾಡುತ್ತಾರೆ. ಹುಡುಗಿಯ ತಾಯಿ ನನ್ನ ಸೆರಗು ನೋಡಿದಳು, ನನ್ನ ಮುಖ ನೋಡಿದಳು. ಆ ಆರು ದಿನ ಅವಳು ನನ್ನೊಡನೆ ಮಾತಾಡಿರಲಿಲ್ಲ. ಬಚ್ಚಲಿನ ಕಡೆಗೆ ನಡೆದಳು, ನಾನು ಹಿಂದೆ ಹೋದೆ.

ಹಗ್ಗದ ಮೇಲಿನ ಅರಿವೆಗಳನ್ನೆಲ್ಲ ತೆಗೆದು ಕೆಳಗೆ ಹರವಿದಳು. ನಡುವೆ ಪುಸ್ತಕ ಇಟ್ಟೆ. ಅವಳು ಮೂಲೆಯಿಂದ ಮಗಳ ಪಾಟಿ ತಂದು ಪುಸ್ತಕದ ಮೇಲೆ ಇಟ್ಟಳು. ಮೊದಲೇ ಅಲ್ಲಿ ತಂದು ಇಟ್ಟುಕೊಂಡಿದ್ದಳು. ಅರಿವೆಗಳನ್ನು ಸುತ್ತಿ ಗಂಟು ಬಿಗಿದಳು. ಆ ಗಂಟನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿನ ಅರಿವೆ, ಯಾರದೋ ಅವರೇ ಬಿಚ್ಚಬೇಕು. ಗಂಡಸರು ಅದರ ಕಡೆ ಕಣ್ಣು ಸಹ ಹೊರಳಿಸುವುದಿಲ್ಲ.

“ಆಕೀನ ಹಿಡಕೋಲಿ” ಎಂದಳು. ನನಗೆ ಹೇಳಿದ ಕಡೆಯ ಮಾತು ಅದು.

ಹುಡುಗಿ ಗಂಟು ತೆಗೆದುಕೊಂಡಳು. ಕೈಗೆ ಬಂದ ಕೂಡಲೇ ಅವಳಿಗೆ ತಿಳಿಯಿತು. ಬೆರಳು ಪಾಟಿಯ ಚೌಕಟ್ಟಿನ ಮೇಲೆ ಆಡಿದವು. ಮುಖದಲ್ಲಿ ಏನೂ ತೋರಿಸಲಿಲ್ಲ. ಮೂರು ತಿಂಗಳಲ್ಲಿ ತಾಯಿ ಅದನ್ನೂ ಕಲಿಸಿದ್ದಳು. ಗಾಡಿ ಹತ್ತಿ ಗಂಟನ್ನು ಹಲಗೆಯ ಮೇಲೆ ಇಟ್ಟಳು.

ಠಕ್ ಎಂದಿತು. ಕಲ್ಲಿನ ಪಾಟಿ ಮರದ ಹಲಗೆಗೆ ಬಡಿದ ಸಪ್ಪಳ. ಅರಿವೆಯ ಗಂಟು ಠಕ್ ಎನ್ನುವುದಿಲ್ಲ.

ಅತ್ತೆ ಗಾಡಿಯ ಗಾಲಿಗೆ ಕೈ ಹಚ್ಚಿ ಹತ್ತುವವಳು ಹಾಗೆಯೇ ನಿಂತಳು. ಗಂಟು ನೋಡಿದಳು. ಹುಡುಗಿಯನ್ನು ನೋಡಿದಳು. ಕೇಳಿಸಿತ್ತು ಅವಳಿಗೆ. ನನ್ನ ಕಡೆಗೂ ಒಮ್ಮೆ ತಿರುಗಿದಳು. ಆ ಮುಖದಲ್ಲಿ ಏನಿತ್ತೆಂದು ಇಷ್ಟು ವರ್ಷ ಯೋಚಿಸಿದರೂ ನನಗೆ ಹೇಳಲು ಬರುವುದಿಲ್ಲ.

“ಸರಕೊಂಡ ಕೂಡು” ಎಂದಳು ಸೊಸೆಗೆ. ಮೇಲೆ ಹತ್ತಿ ಆ ಗಂಟಿನ ಮುಂದೆ ತನ್ನ ಸೀರೆಯ ನೆರಿಗೆ ಹರವಿಕೊಂಡು ಕುಳಿತಳು. ಗಂಟು ಹೊರಗಿನವರಿಗೆ ಕಾಣದಾಯಿತು. ಆ ಮೇಲೆ ಗಂಡನಿಗೆ ಕೂಗಿದಳು:

“ಹೊಡೀರಿನ್ನ. ಬಿಸಲೇರಾಕ ಹತ್ತೈತಿ.”